ನೂರಕ್ಕೆ ನೂರು ಖಾಲಿ

ಕಳೆದ ತಿಂಗಳು ಒಂದು ರಾತ್ರಿ, ದ್ವಿತೀಯ ಪಿಯುಸಿ ಓದುತ್ತಿರುವ ಮಗಳು ಮನೆಯ ಹಳೆಯ ಲ್ಯಾಪ್‌ಟಾಪನ್ನು ತಂದು ನನ್ನೆದುರಿಗೆ ಇಟ್ಟಳು. ಸಿ ಡ್ರೈವಿನ ಪಟ್ಟಿ ಕೆಂಪಾಗಿತ್ತು. ಭೌತಶಾಸ್ತ್ರದ ಪಾಠದ ವಿಡಿಯೋ ಅರ್ಧಕ್ಕೇ ನಿಂತಿತ್ತು.

“ಅಬ್ಬಾ, ನೀವು ಉಬುಂಟು ತೆರೆದು ಎಷ್ಟು ದಿನವಾಯಿತು?” ಎಂದು ಕೇಳಿದಳು.

ಉತ್ತರಿಸಲು ತುಸು ಸಂಕೋಚವಾಯಿತು. ಎರಡು ವರ್ಷವಾದರೂ ಆಗಿರಬೇಕು. ಆ ಎರಡು ವರ್ಷವೂ ಅದು ನಮ್ಮ ಡಿಸ್ಕಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜಾಗವನ್ನು ಹಿಡಿದುಕೊಂಡು ಸುಮ್ಮನೆ ಕುಳಿತಿತ್ತು.

ಅದು ನಮ್ಮ ಮನೆಗೆ ಬಂದ ಕಥೆಯನ್ನು ಮೊದಲು ಹೇಳಬೇಕು. ಆಪಾ ಅವರ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ದಿನಗಳವು. ನಾನು ಪ್ರಶ್ನೆಪತ್ರಿಕೆಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಡಿಟಿಪಿ ಅಂಗಡಿಗೆ ಹೋಗುವುದು, ಮರಳುವಾಗ ಒಂದು ವೈರಸ್ಸನ್ನು ಮನೆಗೆ ತರುವುದು ವಾಡಿಕೆಯಾಗಿತ್ತು. ಬೇಸತ್ತ ಹುಡುಗ ಒಂದು ಭಾನುವಾರ ಬಂದು, ಡಿ ಡ್ರೈವನ್ನು ಕುಗ್ಗಿಸಿ, ಅದರ ಬಲಕ್ಕೆ ಸುಮಾರು 185 ಜಿಬಿ ಬಿಡಿಸಿ ಉಬುಂಟುವನ್ನು ಕೂರಿಸಿದ. ಉಬುಂಟು ಆಫ್ರಿಕಾದ ಒಂದು ಮಾತು, ಮನುಷ್ಯತ್ವವೆಂದು ಅದರ ಅರ್ಥ ಎಂದು ವಿವರಿಸಿದಾಗ ನನಗೆ ಹಿಡಿಸಿತು. 2004ರಿಂದಲೂ ಅದನ್ನು ಜಗತ್ತಿಗೆ ಉಚಿತವಾಗಿ ಕೊಡುತ್ತಿದ್ದಾರೆ ಎಂಬುದು ಇನ್ನೂ ಹಿಡಿಸಿತು.

ಯುನಿಕೋಡ್ ಕನ್ನಡವನ್ನು ಅದರಲ್ಲಿ ಸೊಗಸಾಗಿ ಬರೆಯಬಹುದಿತ್ತು. ಆದರೆ ನನ್ನ ಹತ್ತು ವರ್ಷಗಳ ಪಾಠದ ಟಿಪ್ಪಣಿಗಳೆಲ್ಲ ನುಡಿಯ ಹಳೆಯ ಫಾಂಟುಗಳಲ್ಲಿದ್ದವು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅವು ಕನ್ನಡವಾಗಿ ಉಳಿಯುವುದಿಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಹಿಟ್ಟಿನಂತೆ ಕಾಣುತ್ತವೆ. ಅಚ್ಚಿನ ಅಂಗಡಿಯವರಿಗೂ ನುಡಿಯೇ ಬೇಕಿತ್ತು. ಹೀಗೆ ನಾನು ಮೆಲ್ಲಗೆ ವಿಂಡೋಸಿಗೆ ಮರಳಿದೆ. ದೋಷ ಉಬುಂಟುವಿನದಲ್ಲ. ಹಳೆಯ ಕಡತಗಳನ್ನು ಯುನಿಕೋಡಿಗೆ ತಿರುಗಿಸಿಕೊಳ್ಳದ ಸೋಮಾರಿತನ ನನ್ನದು.

ಮಗಳ ಮಾತಿಗೆ ಒಪ್ಪಿ ಮರುದಿನ ಕೆಲಸಕ್ಕೆ ಕುಳಿತೆ. ಸ್ಟಾರ್ಟ್ ಗುಂಡಿಯ ಮೇಲೆ ಬಲಗ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಇಡೀ ಡಿಸ್ಕು ಜಮೀನಿನ ನಕ್ಷೆಯ ಹಾಗೆ ಸಾಲಾಗಿ ಕಾಣುತ್ತದೆ. ಎಡ ತುದಿಯಲ್ಲಿ 100 ಎಂಬಿಯ ಇಎಫ್‌ಐ ವಿಭಾಗ. ಯಂತ್ರವನ್ನು ಎಬ್ಬಿಸುವ ಕಡತಗಳು ಅಲ್ಲಿರುತ್ತವೆ. ನಂತರ 120 ಜಿಬಿಯ ಸಿ, ಅದರ ಪಕ್ಕ ಅರ್ಧ ಜಿಬಿಯ ರಿಕವರಿ ವಿಭಾಗ, ಆಮೇಲೆ 160 ಜಿಬಿಯ ಡಿ. ಬಲ ತುದಿಯಲ್ಲಿ ಹೆಸರಿಲ್ಲದ ಎರಡು ಪಟ್ಟೆಗಳಿದ್ದವು, ಒಂದು 181, ಇನ್ನೊಂದು 4. ದೊಡ್ಡದು ಉಬುಂಟು, ಚಿಕ್ಕದು ಅದರ ಸ್ವ್ಯಾಪ್.

ಮೇಲಿನ ಪಟ್ಟಿಯಲ್ಲಿ ದೊಡ್ಡ ವಿಭಾಗದ ಎದುರು ಒಂದು ಅಂಕಿ ಇತ್ತು: ಖಾಲಿ ಜಾಗ ಶೇಕಡಾ 100.

ನನಗೆ ಸಮಾಧಾನವಾಯಿತು. ಏನೂ ಇಲ್ಲದ ಕೋಣೆ, ಬೀಗ ತೆಗೆದು ಸೇರಿಸಿಕೊಂಡರಾಯಿತು ಎಂದುಕೊಂಡು ಡಿಲೀಟ್ ವಾಲ್ಯೂಮ್ ಒತ್ತಿದೆ. ಆಗ ಒಂದು ಎಚ್ಚರಿಕೆ ಮೂಡಿತು. ಈ ವಿಭಾಗವನ್ನು ವಿಂಡೋಸ್ ರಚಿಸಿಲ್ಲ, ಬೇರೆ ವ್ಯವಸ್ಥೆಗಳು ಗುರುತಿಸಬಲ್ಲ ಮಾಹಿತಿ ಇದರೊಳಗೆ ಇರಬಹುದು, ಅಳಿಸಲೇ ಎಂಬುದು ಅದರ ಸಾರ. ಪಟ್ಟಿಯಲ್ಲಿ ಖಾಲಿ ಎಂದದ್ದೇ ಇಲ್ಲಿ ಇರಬಹುದು ಎನ್ನುತ್ತಿದೆಯಲ್ಲ? ಬೆರಳು ಹಿಂದೆ ಸರಿಯಿತು.

ಕಾರಣ ಆಮೇಲೆ ತಿಳಿಯಿತು. ಉಬುಂಟು ತನ್ನ ಕಡತಗಳನ್ನು ಜೋಡಿಸಿಡುವ ಕ್ರಮ ಇಎಕ್ಸ್‌ಟಿ4. ವಿಂಡೋಸಿನ ಈ ನಕ್ಷೆಗೆ ಆ ಲಿಪಿ ಬಾರದು. ಓದಲಾಗದ್ದನ್ನು ಅದು ಖಾಲಿಯೆಂದು ಬರೆದುಕೊಳ್ಳುತ್ತದೆ. ಒಳಗೆ ಒಂದು ಪುಟವಿದ್ದರೂ ಲಕ್ಷ ಪುಟಗಳಿದ್ದರೂ ಆ ಅಂಕಿ ನೂರೇ.

ಯಂತ್ರವನ್ನು ಮತ್ತೆ ಆರಂಭಿಸಿ ಉಬುಂಟು ಆರಿಸಿದೆ. ಪಾಸ್‌ವರ್ಡ್ ಮರೆತಿತ್ತು. ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಹುಡುಗನಿಗೆ ಫೋನು ಮಾಡಿದೆ. ಪಾಸ್‌ವರ್ಡ್ ಹೇಳಿ, ಕ್ಷಣ ಸುಮ್ಮನಿದ್ದು, “ಮಾಮು, ಅಳಿಸುವ ಮೊದಲು ಮ್ಯೂಸಿಕ್ ಫೋಲ್ಡರ್ ನೋಡಿ. ಅದರಲ್ಲಿ ನಾನಿ ಇದ್ದಾರೆ” ಎಂದ.

ಅವನ ನಾನಿ ಎಂದರೆ ನನ್ನ ಅಮ್ಮಿ. ತೀರಿಕೊಂಡು ಮೂರು ವರ್ಷವಾಯಿತು. ರಜೆಗೆ ಬಂದಾಗಲೆಲ್ಲ ಅವರ ಪಕ್ಕದಲ್ಲಿ ಮೊಬೈಲು ಇಟ್ಟು ಈ ಹುಡುಗ ಮಾತಾಡಿಸುತ್ತಿದ್ದುದು ನನಗೆ ಗೊತ್ತಿತ್ತು. ಅದು ಎಲ್ಲಿ ಹೋಯಿತೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಒಟ್ಟು ಹನ್ನೊಂದು ಕಡತಗಳಿದ್ದವು. ಪಕ್ಕದ ಫೋಲ್ಡರಿನಲ್ಲಿ ಮೊಹಲ್ಲಾದವರ ಕಾಗದಗಳಿದ್ದವು: ಪಡಿತರ ಚೀಟಿಯ ಪ್ರತಿಗಳು, ಇಬ್ಬರು ತಾಯಂದಿರ ವಿಧವಾ ವೇತನದ ಅರ್ಜಿಗಳು, ಒಬ್ಬ ಹುಡುಗನ ವಿದ್ಯಾರ್ಥಿವೇತನದ ದಾಖಲೆ. ಸ್ಕ್ಯಾನ್ ಮಾಡಿಕೊಡಿ ಎಂದು ತಂದುಕೊಟ್ಟವರ ಅಮಾನತ್ತು ಅದು. ಅವನ್ನು ಅಳಿಸುವ ಹಕ್ಕು ನನಗೆ ಎಲ್ಲಿಂದ ಬಂತು? ಅವರವರನ್ನು ಕೇಳಿ, ಬೇಕೆಂದವರಿಗೆ ಕೊಟ್ಟೆ, ಬೇಡವೆಂದದ್ದನ್ನು ತೆಗೆದೆ. ಇದಕ್ಕೇ ನಾಲ್ಕು ದಿನ ಹಿಡಿಯಿತು. ಮಗಳು ಅಷ್ಟು ದಿನ ಗೊಣಗಿದಳು.

ನಕಲು ಮಾಡುವಾಗಲೂ ಒಂದು ತೊಡಕು. ಅಮ್ಮಿಯ ಧ್ವನಿಯ ಎರಡು ಕಡತಗಳನ್ನು ಪೆನ್‌ಡ್ರೈವ್ ಒಪ್ಪಲೇ ಇಲ್ಲ. ಹುಡುಗ ಹೆಸರಿನೊಳಗೆ ಗಂಟೆ ನಿಮಿಷಗಳ ನಡುವೆ ವಿವರಣ ಚಿಹ್ನೆ, ಅಂದರೆ ಎರಡು ಚುಕ್ಕಿ ಹಾಕಿದ್ದ. ಲಿನಕ್ಸಿನಲ್ಲಿ ಅದು ಸಲ್ಲುತ್ತದೆ, ಪೆನ್‌ಡ್ರೈವಿನ ಕ್ರಮದಲ್ಲಿ ಸಲ್ಲದು. ಹೆಸರು ಬದಲಿಸಿದ ಮೇಲೆ ಹೋದವು. ಎಲ್ಲವನ್ನೂ ಒಟ್ಟಿಗೆ ಎಳೆದುಹಾಕಿ ಎದ್ದು ಹೋಗಿದ್ದರೆ ಆ ಎರಡು ಬಿಟ್ಟುಹೋದದ್ದು ನನಗೆ ತಿಳಿಯುತ್ತಿತ್ತೋ ಇಲ್ಲವೋ. ನಕಲಾದ ಮೇಲೆ ಪೆನ್‌ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಒಂದೊಂದನ್ನೂ ತೆರೆದು ನೋಡಿದೆ.

ಆ ಬಳಿಕವೇ ಎರಡೂ ಪಟ್ಟೆಗಳನ್ನು ಅಳಿಸಿದೆ. ನೀಲಿಯ ಜಾಗದಲ್ಲಿ ಕಪ್ಪು ಪಟ್ಟೆ ಬಂದಿತು, 185 ಜಿಬಿ, ಯಾರಿಗೂ ಸೇರದ ಜಾಗ. ಸಿ ಮೇಲೆ ಬಲಗ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಹೋದರೆ ಆ ಸಾಲು ಮಂಕಾಗಿತ್ತು. ಈ ಸಾಧನದ ನಿಯಮ ಸರಳ: ಒಂದು ವಿಭಾಗ ಬೆಳೆಯಬೇಕಾದರೆ ಖಾಲಿ ಜಾಗ ಅದರ ಬಲ ಬದುವಿಗೇ ತಾಗಿರಬೇಕು. ಸಿ ಮತ್ತು ಆ ಜಾಗದ ನಡುವೆ ರಿಕವರಿಯೂ ಡಿಯೂ ಇದ್ದವು. ಮಧ್ಯೆ ಬೇರೆಯವರ ಹೊಲವಿದ್ದರೆ ಆಚೆಯ ಹೊಲ ಕೊಂಡರೂ ಒಂದೇ ಪಟ್ಟಿಯಾಗುವುದಿಲ್ಲ ಎಂಬುದು ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಜಿಪಾರ್ಟೆಡ್ ಎಂಬ ತಂತ್ರಾಂಶದಿಂದ ನಡುವಿನ ವಿಭಾಗಗಳನ್ನೇ ಬಲಕ್ಕೆ ಸರಿಸಬಹುದು. ಆದರೆ ಸರಿಸುವಾಗ ಕರೆಂಟು ಹೋದರೆ ಅದರಲ್ಲಿದ್ದದ್ದು ಹೋದಂತೆಯೇ, ಈ ಲ್ಯಾಪ್‌ಟಾಪಿನ ಬ್ಯಾಟರಿಯೋ ಹತ್ತು ನಿಮಿಷ ನಿಲ್ಲದು. ನಾನು ಆ ಧೈರ್ಯ ಮಾಡಲಿಲ್ಲ. ಜಾಗವನ್ನು ಡಿಗೆ ಸೇರಿಸಿದೆ, ಅದು ಅರ್ಧ ನಿಮಿಷದ ಕೆಲಸ. ನಂತರ ವಿಡಿಯೋ ಮತ್ತು ಡೌನ್‌ಲೋಡ್ ಫೋಲ್ಡರುಗಳ ಪ್ರಾಪರ್ಟೀಸಿನಲ್ಲಿ ಲೊಕೇಶನ್ ಬದಲಿಸಿ ಅವನ್ನು ಡಿಗೆ ಸಾಗಿಸಿದೆ. ಸಿ ತಾನಾಗಿ ಹಗುರಾಯಿತು. ರಿಕವರಿಯನ್ನು ಅಡ್ಡಿಯೆಂದು ಅಳಿಸಿಬಿಡುವವರಿದ್ದಾರೆ. ವಿಂಡೋಸ್ ಕೆಟ್ಟ ದಿನ ಅದೇ ಬೇಕಾಗುತ್ತದೆ, ಮುಟ್ಟಬೇಡಿ.

ಯಂತ್ರವನ್ನು ಮರುಪ್ರಾರಂಭಿಸಿದೆ. ಕಪ್ಪು ಪರದೆ, ಗ್ರಬ್ ಎಂಬ ಒಂದೇ ಪದ, ಪಕ್ಕದಲ್ಲಿ ಮಿಣುಕುವ ಗೆರೆ. ಮಗಳ ಮುಖ ನೋಡಲಾಗಲಿಲ್ಲ.

ಆದದ್ದು ಇಷ್ಟು. ಉಬುಂಟು ಹೋಗಿತ್ತು, ಅದರ ಬಾಗಿಲು ಕಾಯುವವ ಹೋಗಿರಲಿಲ್ಲ. ಗ್ರಬ್ ಮೊದಲ ಬಾಗಿಲಿನಲ್ಲೇ, ಆ 100 ಎಂಬಿಯ ಇಎಫ್‌ಐ ವಿಭಾಗದಲ್ಲಿ ಕುಳಿತಿರುತ್ತದೆ. ತನ್ನ ಉಳಿದ ಕಡತಗಳನ್ನು ಅಳಿಸಿದ ವಿಭಾಗದಲ್ಲಿ ಹುಡುಕಿ, ಸಿಗದೆ ನಿಂತಿತ್ತು. ಯಂತ್ರವನ್ನು ಆರಿಸಿ, ಹೊತ್ತಿಸುತ್ತಲೇ ಎಫ್2 ಒತ್ತಿ (ಈ ಕೀಲಿ ಎಲ್ಲ ಲ್ಯಾಪ್‌ಟಾಪುಗಳಲ್ಲಿ ಒಂದೇ ಅಲ್ಲ) ಬೂಟ್ ಸಾಲಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದೆ. ವಿಂಡೋಸ್ ಎದ್ದಿತು, ಅಲ್‌ಹಮ್ದುಲಿಲ್ಲಾಹ್. ಆಮೇಲೆ ಹುಡುಗ ಫೋನಿನಲ್ಲಿ ಹೇಳಿದಂತೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ಮೌಂಟ್‌ವಾಲ್ ಆದೇಶದಿಂದ ಇಎಫ್‌ಐ ವಿಭಾಗಕ್ಕೆ ಒಂದು ಅಕ್ಷರ ಕೊಟ್ಟು, ಉಬುಂಟು ಹೆಸರಿನ ಫೋಲ್ಡರನ್ನು ಮಾತ್ರ ಅಳಿಸಿದೆ. ಪಕ್ಕದ ಮೈಕ್ರೋಸಾಫ್ಟ್ ಫೋಲ್ಡರಿಗೆ ಕೈ ಹಚ್ಚಿದ್ದರೆ ಈ ಲೇಖನ ಬೇರೆ ಬಗೆಯದಾಗುತ್ತಿತ್ತು. ಬೂಟ್ ಸಾಲನ್ನು ಬದಲಿಸುವ ಕೆಲಸವನ್ನು ವಿಭಾಗ ಅಳಿಸುವ ಮೊದಲೇ ಮಾಡಿದ್ದರೆ ಆ ಕಪ್ಪು ಪರದೆಯೇ ಬರುತ್ತಿರಲಿಲ್ಲ. ಬಿಟ್‌ಲಾಕರ್ ಇರುವ ಹೊಸ ಲ್ಯಾಪ್‌ಟಾಪುಗಳಲ್ಲಿ ಇಂಥ ಬದಲಾವಣೆಯ ನಂತರ ರಿಕವರಿ ಕೀ ಕೇಳಬಹುದು, ಅದನ್ನು ಮುಂಚೆಯೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಅಂದು ಗುರುವಾರ, ಪೇಟೆಯ ದಿನ. ಸಂಜೆಯ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು ಮನೆಯವರೆಗೂ ಬಂದಿತ್ತು. ಪಾಠದ ವಿಡಿಯೋ ಡಿಗೆ ಇಳಿಯತೊಡಗಿದ ಮೇಲೆ ಮಗಳು ತಾನೇ ಪೆನ್‌ಡ್ರೈವ್ ಹಾಕಿ ಮೊದಲ ಕಡತವನ್ನು ತೆರೆದಳು. ಅಮ್ಮಿ ತಾವು ಮಂಡಿಯಲ್ಲಿ ತುಂಬು ಬಿಡಿಸಲು ಹೋಗುತ್ತಿದ್ದ ದಿನಗಳನ್ನು ಹೇಳುತ್ತಿದ್ದರು: ಮೆಣಸಿನಕಾಯಿಯ ತೊಟ್ಟು ಮುರಿದು ಮುರಿದು ಬೆರಳು ಉರಿಯುತ್ತಿದ್ದುದು, ಆ ಕೈಯಲ್ಲಿ ನನ್ನ ಮುಖ ಒರೆಸಲು ಹೆದರುತ್ತಿದ್ದುದು. ನಡುವೆ ಕೆಮ್ಮು ಬಂದು ಮಾತು ನಿಂತಿತು. ಹುಡುಗ ನೀರು ತಂದುಕೊಟ್ಟ ಸದ್ದೂ ಅದರಲ್ಲಿದೆ.

“ದಾದಿಗೆ ದಿನಕ್ಕೆ ಎಷ್ಟು ಕೂಲಿ ಕೊಡುತ್ತಿದ್ದರು ಅಬ್ಬಾ?” ಎಂದು ಮಗಳು ಕೇಳಿದಳು.

“ಇರು, ಮುಂದೆ ಹೇಳುತ್ತಾರೆ” ಎಂದೆ. ನಿಜವಾಗಿ ನನಗೂ ಗೊತ್ತಿರಲಿಲ್ಲ.