ಸಂಬಳದ ಖಾತೆ ಬೇರೆ, ಕೇಕಿನ ಖಾತೆ ಬೇರೆ



ನಮ್ಮ ಯುವ ಘಟಕದಲ್ಲಿ ಈಗ ಎರಡೆರಡು ಕೆಲಸ ಮಾಡುವವರೇ ಹೆಚ್ಚು. ಬೆಳಿಗ್ಗೆ ಮಂಜೇಶ್ವರದಲ್ಲಿ ರೈಲು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತೇವೆ. ರಾತ್ರಿ ಮತ್ತು ರಜಾದಿನಗಳಲ್ಲಿ ಇನ್ನೊಂದು ಕೆಲಸ. ಒಬ್ಬಳು ಕೇಕ್ ಮಾಡುತ್ತಾಳೆ, ಇಬ್ಬರು ಮದುವೆ ಮತ್ತು ರೋಸ್ ಸಮಾರಂಭಗಳ ಫೋಟೊ ತೆಗೆಯುತ್ತಾರೆ, ಕೆಲವರದು ಟ್ಯೂಷನ್. ಕ್ರಿಸ್ಮಸ್ ಹತ್ತಿರ ಬಂದರೆ ಕುಸ್ವಾರಿನ ಆರ್ಡರ್ ಬೇರೆ. ಈ ಹಣವೆಲ್ಲ ಯಾವ ಖಾತೆಗೆ ಬರುತ್ತದೆ ಎಂದು ಒಂದು ಸಭೆಯಲ್ಲಿ ಕೇಳಿದಾಗ ಬಹುತೇಕರ ಉತ್ತರ ಒಂದೇ ಆಗಿತ್ತು: ಸಂಬಳ ಬರುವ ಖಾತೆಗೇ.

ಒಂದೇ ನಂಬರ್, ಒಂದೇ ಕ್ಯೂಆರ್ ಕೋಡ್ ಇದ್ದರೆ ಸುಲಭ, ನಿಜ. ಆದರೆ ಕೇಕ್ ಮಾಡುವ ನಮ್ಮ ಗೆಳತಿಗೆ ಆದದ್ದನ್ನು ಕೇಳಿ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಗುರುತಿಲ್ಲದ ಗಿರಾಕಿಯೊಬ್ಬ ಹುಟ್ಟುಹಬ್ಬದ ಕೇಕಿಗೆ 1,200 ರೂಪಾಯಿ ಕಳುಹಿಸಿದ, ಕೇಕ್ ತೆಗೆದುಕೊಂಡು ಹೋದ. ಕೆಲವು ದಿನಗಳ ನಂತರ ಅವಳ ಖಾತೆಗೆ ತಡೆ ಬಿತ್ತು. ಆ ಹಣ ಬೇರೆ ರಾಜ್ಯದ ಯಾವುದೋ ಸೈಬರ್ ವಂಚನೆಯಿಂದ ಕೈ ಬದಲಾಯಿಸಿ ಬಂದದ್ದು ಎಂದು ಅಲ್ಲಿನ ಪೊಲೀಸರು ಬ್ಯಾಂಕಿಗೆ ತಿಳಿಸಿದ್ದರು. ಅವಳ ತಪ್ಪೇನೂ ಇರಲಿಲ್ಲ. ಆದರೂ ತಿಂಗಳ ಸಂಬಳ, ಅಮ್ಮನ ಔಷಧದ ಹಣ, ತಮ್ಮನ ಹಾಸ್ಟೆಲ್ ಫೀಸು ಎಲ್ಲ ಅದೇ ಖಾತೆಯಲ್ಲಿ ಸಿಕ್ಕಿಬಿದ್ದವು. ಮೂರು ವಾರ ಆ ಮನೆ ಸಾಲದಲ್ಲಿ ನಡೆಯಿತು.

ಇಂಥ ತಡೆಗಳು ನಮ್ಮ ಕೇರಳದಲ್ಲಿ ಹಲವರಿಗೆ ಬಂದಿವೆ. ಪೊಲೀಸರು ಹೇಳಿದ ಮೊತ್ತಕ್ಕಷ್ಟೇ ತಡೆ ಇರಲಿ, ಇಡೀ ಖಾತೆಗೆ ಬೇಡ ಎಂದು 2023ರಲ್ಲಿ ಕೇರಳ ಹೈಕೋರ್ಟ್ ಬ್ಯಾಂಕುಗಳಿಗೆ ಸೂಚಿಸಿತ್ತು. ಹಾಗೇನಾದರೂ ಆದರೆ ಬ್ಯಾಂಕಿನಿಂದ ಪೊಲೀಸ್ ಠಾಣೆಯ ಹೆಸರು, ದೂರಿನ ಸಂಖ್ಯೆ ಮತ್ತು ಮೊತ್ತವನ್ನು ಬರಹದಲ್ಲಿ ಪಡೆದುಕೊಳ್ಳಿ. ಆರ್ಡರ್ ಬಂದ ಮೆಸೇಜ್, ಬಿಲ್ ಅಳಿಸಬೇಡಿ. ನಮ್ಮ ಗೆಳತಿಗೆ ಕೊನೆಗೆ ಸಹಾಯಕ್ಕೆ ಬಂದದ್ದು ಅವೇ.

ಗಡಿಯ ಆಚೆಗೂ ಒಮ್ಮೆ ನೋಡೋಣ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಜಿಎಸ್‌ಟಿ ನೋಂದಣಿಯ ಮಿತಿ ಸಾಮಾನ್ಯವಾಗಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ನಮ್ಮ ಸಣ್ಣ ದುಡಿಮೆ ಅಷ್ಟು ದೂರ ಹೋಗುವುದಿಲ್ಲ. ಆದರೆ ಚಿಕ್ಕಪ್ಪ ಕೊಟ್ಟ ಕೈಸಾಲ, ಚೀಟಿ ಹಣ, ವ್ಯಾಪಾರದ ಹಣ ಎಲ್ಲ ಒಂದೇ ಪಾಸ್‌ಬುಕ್ಕಿನಲ್ಲಿದ್ದರೆ, ಯಾರಾದರೂ ಕೇಳಿದ ದಿನ ಒಂದೊಂದು ಸಾಲನ್ನೂ ನಾವೇ ಬಿಡಿಸಿ ಹೇಳಬೇಕಾಗುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದೇ ಇಲ್ಲ. ತಡೆ ತೆಗೆದ ಮೇಲೆ ಗೆಳತಿಯೊಡನೆ ಕುಳಿತು ಹಿಂದಿನ ಡಿಸೆಂಬರಿನ ಲೆಕ್ಕ ಬಿಡಿಸಿದೆವು. ಕೇಕಿನಿಂದ ಬಂದದ್ದು 42,000. "ಒಳ್ಳೆಯ ಸೀಸನ್" ಎಂದುಕೊಂಡಿದ್ದಳು. ಬೆಣ್ಣೆ, ಮೊಟ್ಟೆ, ಒಣಹಣ್ಣು, ಗ್ಯಾಸ್, ಬಾಕ್ಸ್, ಆಟೊ ಎಲ್ಲ ಸೇರಿ 31,500 ಖರ್ಚು. ಉಳಿದದ್ದು 10,500. ರಾತ್ರಿ ಹನ್ನೆರಡರವರೆಗೆ ನಿಂತು ಮಾಡಿದ ಕೆಲಸಕ್ಕೆ ಅಷ್ಟೇ. ಈ ವರ್ಷ ಅವಳು ಕಿಲೋಗೆ 150 ರೂಪಾಯಿ ಏರಿಸಿದ್ದಾಳೆ. ಹಣ ಬೆರೆತಿದ್ದಷ್ಟು ದಿನ ಈ ಲೆಕ್ಕ ಅವಳಿಗೆ ಕಂಡಿರಲೇ ಇಲ್ಲ.

ಹಾಗಾದರೆ ಮಾಡುವುದೇನು? ಮೊದಲು ದುಡಿಮೆಗೆಂದೇ ಬೇರೆ ಖಾತೆ ಬೇಕು. ಉಳಿತಾಯ ಖಾತೆ ಇರುವುದು ಮನೆಯ ಹಣಕ್ಕೆ. ವ್ಯಾಪಾರದ ಹಣ ಓಡಾಡಿದರೆ ಬ್ಯಾಂಕು ಆಕ್ಷೇಪಿಸಬಹುದು. ಆದ್ದರಿಂದ ಚಾಲ್ತಿ ಖಾತೆಯ ಬಗ್ಗೆ ಕೇಳಿ. ವ್ಯಾಪಾರದ ಹೆಸರಿನಲ್ಲಿ ತೆರೆಯಲು ಆಧಾರ್, ಪ್ಯಾನ್ ಜೊತೆಗೆ ವ್ಯಾಪಾರ ಇದೆ ಎನ್ನುವ ದಾಖಲೆ ಬೇಕು. ಉದ್ಯಮ್ ನೋಂದಣಿ, ಪಂಚಾಯತ್ ಲೈಸೆನ್ಸ್ ಇದಕ್ಕೆ ಆಗುತ್ತವೆ. ಉದ್ಯಮ್ ನೋಂದಣಿಗೆ ಸರಕಾರದ ಶುಲ್ಕ ಇಲ್ಲ, ಆನ್‌ಲೈನಿನಲ್ಲಿ ನಾವೇ ಮಾಡಬಹುದು. ಗೊತ್ತಾಗದಿದ್ದರೆ ಅಕ್ಷಯ ಕೇಂದ್ರವಿದೆ. ಚಾಲ್ತಿ ಖಾತೆಗೆ ಬಡ್ಡಿ ಸಿಗುವುದಿಲ್ಲ, ಕನಿಷ್ಠ ಮೊತ್ತ ಹೆಚ್ಚಿರಬಹುದು. ಎರಡು ಮೂರು ಬ್ಯಾಂಕುಗಳಲ್ಲಿ ವಿಚಾರಿಸಿಯೇ ಸಹಿ ಹಾಕಿ.

ಆಮೇಲೆ ಶಿಸ್ತು. ಗಿರಾಕಿಯ ಪ್ರತಿ ರೂಪಾಯಿ ಆ ಖಾತೆಗೇ ಬರಲಿ, ನಗದು ಬಂದರೂ ಅಲ್ಲಿಗೇ ಕಟ್ಟಿ. ಸಾಮಾನಿನ ಹಣವೂ ಅಲ್ಲಿಂದಲೇ ಹೋಗಲಿ. ತಿಂಗಳಿಗೊಮ್ಮೆ, ಐದನೇ ತಾರೀಕು ಎನ್ನೋಣ, ನಿಮ್ಮ ಪಾಲನ್ನು ಮನೆಯ ಖಾತೆಗೆ ಹಾಕಿಕೊಳ್ಳಿ. ಒವನ್ ಕೆಟ್ಟರೆ, ಕ್ಯಾಮೆರಾ ಬಿದ್ದರೆ, ತೆರಿಗೆ ಬಂದರೆ ಎಂದು ಸ್ವಲ್ಪ ಅಲ್ಲೇ ಉಳಿಯಲಿ. ಮನೆಯ ರೇಷನ್ನಿಗೆ ಮಾತ್ರ ಆ ಕಾರ್ಡ್ ತೆಗೆಯಬೇಡಿ.

ಒಂದು ಮಾತು ಮರೆಯಬಾರದು. ಖಾತೆ ಎರಡಾದರೂ ಕಾನೂನಿನ ಕಣ್ಣಿಗೆ ನೀವೂ ನಿಮ್ಮ ವ್ಯಾಪಾರವೂ ಒಂದೇ. ಪ್ಯಾನ್ ಒಂದೇ, ಸಾಲದ ಹೊಣೆಯೂ ಒಂದೇ. ತೆರಿಗೆ ವಿವರ ಸಲ್ಲಿಸುವಾಗ ಸಂಬಳದ ಜೊತೆ ಈ ಆದಾಯವನ್ನೂ ತೋರಿಸಬೇಕು. ಆಗ ಸಂಬಳದಾರರ ಐಟಿಆರ್-1 ಸಾಲುವುದಿಲ್ಲ. ಕೆಲಸ ಕೊಟ್ಟ ಕಂಪನಿ ಹೊರಗಿನ ದುಡಿಮೆಗೆ ಒಪ್ಪುತ್ತದೆಯೇ ಎಂದು ನೇಮಕಾತಿ ಪತ್ರವನ್ನೂ ಓದಿಕೊಳ್ಳಿ.

ಹಿರಿಯರೇ, ಮಕ್ಕಳು ಮನೆಗೆ ಕೊಡುವುದನ್ನು ತಪ್ಪಿಸಲು ಬೇರೆ ಖಾತೆ ಮಾಡುತ್ತಿದ್ದಾರೆ ಎಂದು ದಯವಿಟ್ಟು ತಿಳಿಯಬೇಡಿ. ಮನೆಯ ಹಣಕ್ಕೆ ಮನೆಯೊಳಗೇ ಒಂದು ಬಾಗಿಲು ಹಾಕುತ್ತಿದ್ದಾರೆ, ಅಷ್ಟೇ. ಬರುವ ಭಾನುವಾರ ಪೂಜೆಯ ನಂತರ ಹಾಲಿನಲ್ಲಿ ಸೇರುತ್ತೇವೆ. ಉದ್ಯಮ್ ನೋಂದಣಿ ಮಾಡಬೇಕಾದವರು ಆಧಾರ್, ಪ್ಯಾನ್ ಮತ್ತು ಆಧಾರಿಗೆ ಜೋಡಿಸಿದ ಫೋನ್ ತನ್ನಿ. ಜೊತೆಯಲ್ಲಿ ಕುಳಿತು ಮಾಡೋಣ.