ಬಾಣಂತಿ ಖೋಲ್ಯಾಗ ಎಸಿ ಹಚ್ಚೂದೋ ಬ್ಯಾಡೋ?

ಹೋದ ವರ್ಷ ಯುಗಾದಿ ಮುಗದ ಹತ್ತ ಹದಿನೈದ ದಿನಕ್ಕ ನಮ್ಮ ಮಗಳು ಹಡದ್ಲು. ಗಂಡ ಕೂಸು, 2 ಕಿಲೋ 900 ಗ್ರಾಂ ಇತ್ತು. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಲ್ರಿ, ದವಾಖಾನಿಯಿಂದ ಸೀದಾ ಗೋಕಾಕಕ್ಕ ನಮ್ಮ ಮನಿಗೇ ಕರಕೊಂಡ ಬಂದ್ವಿ. ಗೋಕಾಕದ ಧಗಿ ನಿಮಗೇನ ಹೊಸದಲ್ಲ. ಮಳಿಗಾಲದಾಗ ಫಾಲ್ಸ್ ನೋಡಾಕ ಎಲ್ಲೆಲ್ಲಿಂದೋ ಮಂದಿ ಬರ್ತಾರ. ಬ್ಯಾಸಗ್ಯಾಗ ಬಂದ ನೋಡ್ರಿ, ನೀರ ಬತ್ತಿ ಬರೇ ಕಲ್ಲು, ಆ ಕಲ್ಲ ಕಾದ ಹಂಚಿನಂಗ ಆಗಿರ್ತಾವ. ನಮ್ಮ ಮನಿ ಹಿಂದಿನ ಖೋಲಿಗಿ ಮ್ಯಾಲ ಪತ್ರಾ. ಅದನ್ನ ಬಾಣಂತಿ ಖೋಲಿ ಮಾಡಿದ್ವಿ.

ನಮ್ಮ ಅತ್ತಿಯವರು ಮೂಡಲಗಿ ಕಡೆಯವರು, ಮನ್ಯಾಗ ಎಲ್ಲಾರೂ ಆಯಿ ಅಂತೀವಿ. ವಯಸ್ಸ ಎಂಬತ್ತ ದಾಟೈತಿ. ಖೋಲಿ ಕಿಡಕಿ ಅವರs ಮುಚ್ಚಿದ್ರು, ಸಂದಿಗೆ ಹಳೇ ಸೀರಿ ತುರುಕಿದ್ರು. ಫ್ಯಾನ್ ಬಂದ್. ಕೂಸಿಗಿ ಎಣ್ಣಿ ಹಚ್ಚಿ ಎರದು, ಲೋಬಾನ ಹಾಕಿ, ಕುಂಚಗಿ ಕಟ್ಟಿ, ಮ್ಯಾಲ ಎರಡ ಅರಬಿ ಸುತ್ತಿ, ಅದರ ಮ್ಯಾಲ ಕೌದಿ. ಆಯಿ ಹೇಳಿದ್ರು, ಆದ್ರ ಸುತ್ತಿದಾಕಿ ನಾನು. ಇದನ್ನ ಮುಚ್ಚಿಡಂಗಿಲ್ಲ. ನನಗೂ ಹಿಂಗ ಮಾಡಿದ್ರು, ನಾನೂ ಹಂಗ ಮಾಡಿದೆ.

ಏಳನೇ ದಿನಕ್ಕ ನಮ್ಮ ಓಣಿ ಆಶಾ ಅಕ್ಕಾ ಬಂದ್ಲು. ದವಾಖಾನ್ಯಾಗ ಹುಟ್ಟಿದ ಕೂಸನ್ನ 3, 7, 14, 21, 28, 42ನೇ ದಿನಕ್ಕ ಮನಿಗಿ ಬಂದ ನೋಡಬೇಕು ಅಂತ ಅವರಿಗಿ ನಿಯಮ ಐತಿ. ಇಂಥವರು ಬಂದಾಗ ಚಾ ಕುಡಿಸಿ ಕಳಸಬ್ಯಾಡ್ರಿ, ಕೂಸನ್ನ ಪೂರಾ ತೋರಸ್ರಿ. ಆಕಿ ಕೌದಿ ತಗದ್ಲು, ಕಂಕಳಾಗ ಥರ್ಮಾಮೀಟರ್ ಇಟ್ಲು. 38.2 ತೋರಿಸ್ತು. ಕೂಸಿನ ಮೈ ಕೆಂಪಾಗಿತ್ತು, ಕುತಿಗಿ ಸಂದ್ಯಾಗ ಬೆವರಗುಳ್ಳಿ, ತುಟಿ ಒಣಗಿತ್ತು. ತೂಕ ಮಾಡಿದ್ರ 2 ಕಿಲೋ 550. ಬ್ಯಾಗಿನ್ಯಾಗಿಂದ ವಹಿ ತಗದ ಬರದ್ಲು, ಆಮ್ಯಾಲ ಸಣ್ಣ ದನಿಲೇ "ಅಕ್ಕಾರ, ಈಗಿಂದೀಗ ದವಾಖಾನಿಗಿ ನಡೀರಿ" ಅಂದ್ಲು.

ಆ ರಿಕ್ಷಾದಾಗ ನಾನು ಕೂಸನ್ನ ಹಿಡಕೊಂಡ ಕುಂತಿದ್ದೆ, ಮಗಳು ಅಳಾಕತ್ತಿದ್ಲು. ಮಕದಾಗ ಮಕಾ ಇಟ್ಟ ನೋಡಾಕ ನನಗ ಧೈರ್ಯ ಬರ್ಲಿಲ್ಲ.

ಎರಡ ದಿನ ದವಾಖಾನ್ಯಾಗ ಇದ್ವಿ. ಅಷ್ಟ ಸಣ್ಣ ಕೂಸಿಗಿ ಜ್ವರಾ ಅಂದ್ರ ಮೊದಲ ನಂಜ ಆಗೈತೇನು ಅಂತ ನೋಡಲೇಬೇಕಂತ, ರಕ್ತ ತಗದ್ರು. ದೇವ್ರ ದಯಾ, ಅದೇನ ಇರಲಿಲ್ಲ. ಡಾಕ್ಟರ್ ಬಾಯಾರು ನನ್ನ ಕೂಡ್ರಿಸಿ ತಿಳಿಸಿ ಹೇಳಿದ್ರು. ಹುಟ್ಟಿದ ಕೂಸಿಗಿ ಮೈ ಶಾಖ ತಾನs ಕಾಯ್ಕೊಳ್ಳೂ ಶಕ್ತಿ ಇನ್ನೂ ಬಂದಿರಂಗಿಲ್ಲ. ನಮ್ಮಂಗ ಬೆವರಾಕ ಬರಂಗಿಲ್ಲ, ಥಂಡಿ ಆದ್ರ ನಮ್ಮಂಗ ನಡಗಾಕೂ ಬರಂಗಿಲ್ಲ. ತೂಕ ಸಣ್ಣದು, ಅದಕ್ಕ ಹೋಲಿಸಿದ್ರ ಚರ್ಮ ಭಾಳ. ಹಿಂಗಾಗಿ ಖೋಲಿ ಕಾದ್ರ ಲಗೂ ಕಾಯ್ತೈತಿ, ಖೋಲಿ ಆರಿದ್ರ ಲಗೂ ಆರತೈತಿ. ನಮ್ಮ ಖೋಲಿ ಕಾದಿತ್ತು, ಕೂಸು ಸುತ್ತಿದ ಅರಬಿ ಒಳಗ ಕುದೀತಿತ್ತು, ಮಂಪರಿನ್ಯಾಗ ಹಾಲ ಕುಡದಿರಲಿಲ್ಲ, ಮೈಯಾಗಿನ ನೀರ ಕಡಿಮ್ಯಾಗಿ ಜ್ವರಾ ಬಂದಿತ್ತು.

"ಹಂಗಾರ ಎಸಿ ಹಚ್ಚಬಹುದೇನ್ರಿ?" ಅಂತ ಅಳಿಯಂದ್ರು ಕೇಳಿದ್ರು. "ಹಚ್ಚಬಹುದು. ಆದ್ರ ಅದನ್ನ ಹಚ್ಚೂ ರೀತಿ ಕಲೀರಿ" ಅಂದ್ರು.

ಮನ್ಯಾಗ ಎಸಿ ಮಾತ ತಗದಕೂಡ್ಲೇ ಆಯಿ ಊಟಾ ಬಿಟ್ರು. ಅಂದ ರಾತ್ರಿ ಅವರ ಕಾಲ ಒತ್ತಾಕ ಹ್ವಾದಾಗ ನನ್ನ ಮುಂದ ಹೇಳಿದ್ರು. ಅವರ ಮೊದಲನೇ ಕೂಸು, ನನ್ನ ಗಂಡನಕಿಂತ ಮೊದಲ ಹುಟ್ಟಿದ್ದು, ಶ್ರಾವಣದ ಜಿಟಿಜಿಟಿ ಮಳ್ಯಾಗ ಹನ್ನೊಂದ ದಿನಕ್ಕ ಹೋಗಿತ್ತಂತ. ಸೋರೂ ಮನಿ, ಹಸೀ ಅರಬಿ, ಮೈ ತಣ್ಣಗಾಗಿ ಹಾಲ ಹಿಡೀಲಿಲ್ಲಂತ. ನಾನು ಆ ಮನಿಗಿ ನಡಕೊಂಡ ಮೂವತ್ತ ವರ್ಷಾತು, ಈ ಮಾತ ಒಂದ ಸಲಾನೂ ಕೇಳಿದ್ದಿಲ್ಲ. ಕಿಡಕಿ ಸಂದಿಗೆ ಸೀರಿ ಯಾಕ ತುರುಕಿದ್ರು ಅನ್ನೂದು ನನಗ ಅವತ್ತ ತಿಳೀತು. ಅವರ ಹೆದರಿಕಿ ಸುಳ್ಳಲ್ಲ. ಥಂಡಿಗೂ ಕೂಸು ಹೋಗ್ತೈತಿ, ಸೆಕಿಗೂ ಹೋಗ್ತೈತಿ. ಶ್ರಾವಣದ ಲೆಕ್ಕಾನ ನಾವು ಬ್ಯಾಸಗ್ಯಾಗ ಹಾಕಿದ್ವಿ, ಅಷ್ಟs ತಪ್ಪು.

ಎಸಿ ಬಂತು. ಪತ್ರಾ ಖೋಲಿ ಬಿಟ್ಟು ನಡುವಿನ ಖೋಲ್ಯಾಗ ಕೂಡ್ರಿಸಿದ್ವಿ. ಮೊದಲನೇ ರಾತ್ರಿ ಅಳಿಯಂದ್ರು ಹುಮ್ಮಸ್ಸಿನ್ಯಾಗ 18ಕ್ಕ ಇಟ್ಟ ಮಲಗಿದ್ರು. ನಸಿಕಿನ್ಯಾಗ ಎದ್ದ ಮುಟ್ಟಿ ನೋಡಿದ್ರ ಕೂಸಿನ ಕೈ ಕಾಲಷ್ಟ ಅಲ್ಲ, ಹೊಟ್ಟಿನೂ ತಣ್ಣಗಿತ್ತು. ಮಗಳು ಎಸಿ ಬಂದ್ ಮಾಡಿ, ಕೂಸಿನ ಅರಬಿ ಬಿಚ್ಚಿ ತನ್ನ ಎದಿಗೆ ಬರೇ ಮೈಗೆ ಹಚ್ಚಿಕೊಂಡು ಮ್ಯಾಲ ಶಾಲ ಹೊಚ್ಚಿಕೊಂಡ್ಲು. ತಾಸಿನ್ಯಾಗ ಮೈ ಬೆಚ್ಚಗಾಗಿ ಹಾಲ ಕುಡೀತು. ದವಾಖಾನ್ಯಾಗ ಇದಕ್ಕ ಕಾಂಗರೂ ಆರೈಕೆ ಅಂತಾರ. ಕೊಲಂಬಿಯಾ ದೇಶದ ಬೊಗೋಟಾ ಊರಾಗ ಸಣ್ಣ ತೂಕದ ಕೂಸುಗಳಿಗಿ ಪೆಟ್ಟಿಗಿ ಸಾಲದಾದಾಗ 1978ರಾಗ ಎಡ್ಗರ್ ರೇ ಅನ್ನೂ ಡಾಕ್ಟರ್ ಇದನ್ನ ಶುರು ಮಾಡಿದ್ರಂತ. ನಮ್ಮ ಆಯಿ ಕೇಳಿ, "ಅದಕ್ಕ ಡಾಕ್ಟರ್ ಯಾಕ ಬೇಕಿತ್ತು, ತಾಯಿ ಮೈ ಬೆಚ್ಚಗಿರ್ತೈತಿ ಅಂತ ನಾ ಹೇಳ್ತಿರಲಿಲ್ಲೇನು?" ಅಂದ್ರು.

ಎಸಿ ಮೊದಲ ಮನಷ್ಯಾರ ಸಲುವಾಗಿ ಮಾಡಿದ್ದs ಅಲ್ಲಂತ. 1902ರಾಗ ಅಮೆರಿಕದ ಬ್ರೂಕ್ಲಿನ್ ಊರಾಗ ಒಂದ ಪ್ರಿಂಟಿಂಗ್ ಪ್ರೆಸ್ಸಿನ ಕಾಗದ ತೇವಕ್ಕ ಹಿಗ್ಗಿ ಕುಗ್ಗಿ ಬಣ್ಣ ಕೆಡತಿತ್ತು, ಅದಕ್ಕ ವಿಲಿಸ್ ಕ್ಯಾರಿಯರ್ ಅನ್ನಾವ ಮಾಡಿದ ಮಷೀನು. ಅದಕ್ಕ ಕೂಸಿನ ಕಬರ ಇರಂಗಿಲ್ಲ. ಕಬರ ನಾವು ಇಡಬೇಕು.

ದೊಡ್ಡ ಗಂಡಾಂತರ ಎಸಿಯಿಂದ ಬರಲಿಲ್ಲ, ಶೆಗಡಿಯಿಂದ ಬರೂದಿತ್ತು. ಮೂರನೇ ದಿನ ಎರದ ಮ್ಯಾಲ ಆಯಿ ಎಸಿ ಖೋಲ್ಯಾಗ ಹೊರಸಿನ ಕೆಳಗ ಕೆಂಡದ ಶೆಗಡಿ ಸರಿಸಿದ್ರು. ಬಾಗಲಾ ಹಾಕಿತ್ತು, ಎಸಿ ನಡದಿತ್ತು. ನಾ ಓಡಿಹೋಗಿ ಹೊರಗ ತಗದೆ. ತಿಳಕೊಳ್ರಿ: ನಮ್ಮ ಮನಿ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರಂಗಿಲ್ಲ, ಖೋಲ್ಯಾಗಿನ ಗಾಳೀನ ತಿರುಗಿ ತಿರುಗಿ ತಂಪ ಮಾಡ್ತೈತಿ. ಮುಚ್ಚಿದ ಖೋಲ್ಯಾಗ ಇದ್ದಲಿ ಉರದ್ರ ಕಾರ್ಬನ್ ಮೊನಾಕ್ಸೈಡ್ ಅನ್ನೂ ವಿಷದ ಗಾಳಿ ತುಂಬತೈತಿ. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ನಿದ್ದಿ ಬಂದಂಗ ಆಗಿ ತಾಯಿ ಕೂಸು ಇಬ್ಬರೂ ಏಳದ ಹೋಗಬಹುದು. ಮೊದಲಿನ ಹಂಚಿನ ಮನ್ಯಾಗ ಸಂದಿಯಿಂದ ಗಾಳಿ ಆಡತಿತ್ತು, ಈಗಿನ ಖೋಲ್ಯಾಗ ಆಡಂಗಿಲ್ಲ. ಎಸಿ ಇದ್ದಲ್ಲಿ ಶೆಗಡಿ ಬ್ಯಾಡ, ಲೋಬಾನ ಬ್ಯಾಡ, ಊದಿನಕಡ್ಡಿ, ಸೊಳ್ಳಿ ಬತ್ತಿನೂ ಬ್ಯಾಡ.

ನಾವು ಕಡಿಗಿ ರೂಢಿ ಮಾಡಿಕೊಂಡದ್ದು ಹಿಂಗ. ಮೊದಲ ತಿಂಗಳು ಖೋಲಿ 25ರಿಂದ 28 ಡಿಗ್ರಿ ಇರಬೇಕು. ನಾವು ರಿಮೋಟ್ 26, 27ಕ್ಕ ಇಟ್ಟು, ತೊಟ್ಟಲದ ಹಂತ್ಯಾಕ ಗ್ವಾಡಿಗಿ ಒಂದ ಸಣ್ಣ ಥರ್ಮಾಮೀಟರ್ ತೂಗ ಹಾಕಿದ್ವಿ. ಯಾಕಂದ್ರ ರಿಮೋಟ್ ತೋರಸೂದು ಬ್ಯಾರೆ, ಕೂಸಿನ ಹಂತ್ಯಾಕ ಇರೂದು ಬ್ಯಾರೆ. ಗಾಳಿ ಸೀದಾ ಕೂಸಿನ ಮ್ಯಾಲ ಬರಬಾರದು, ಪಟ್ಟಿ ಮ್ಯಾಲಕ್ಕ ತಿರುವಿ ತೊಟ್ಟಲಾ ಬಾಜೂಕ ಸರಿಸ್ರಿ. ನಾವ ಒಂದ ಅರಬಿ ಹಾಕಿದ್ರ ಕೂಸಿಗಿ ಅದರಕಿಂತ ಒಂದ ಹೆಚ್ಚು, ಅಷ್ಟs. ಮಲಗಿದಾಗ ತಲಿಗಿ ಟೊಪ್ಪಿಗಿ ಬ್ಯಾಡ, ಮಕದ ಮ್ಯಾಲ ಕೌದಿ ಬ್ಯಾಡ, ಅಂಗಾತ ಮಲಗಸ್ರಿ. ದಿನಾ ತುಂಬದ ಹುಟ್ಟಿದ ಕೂಸಿನ ಲೆಕ್ಕಾ ಬ್ಯಾರೆ, ಅದಕ್ಕ ಡಾಕ್ಟರ್ ಹೇಳಿದಂಗ. ಎರಿಯೂ ಮೊದಲ ಎಸಿ ಬಂದ್ ಮಾಡಿ, ತಲಿ ಪೂರಾ ಒರಸಿ, ಅರಬಿ ತೊಡಿಸಿದ ಮ್ಯಾಲ ಹಚ್ರಿ. ದಿನಕ್ಕ ಎರಡ ಮೂರ ಸಲ ಬಾಗಲಾ ಕಿಡಕಿ ತಗದ ಗಾಳಿ ಆಡಸ್ರಿ. ಹದಿನೈದ ದಿನಕ್ಕೊಮ್ಮಿ ಜಾಳಿಗಿ ತೊಳೀರಿ. ಎಷ್ಟs ಸೆಕಿ ಇದ್ರೂ ಆರ ತಿಂಗಳ ತನಕಾ ಕೂಸಿಗಿ ನೀರ ಹಾಕಬ್ಯಾಡ್ರಿ, ಎದಿಹಾಲ ಹೆಚ್ಚ ಸಲ ಕುಡಸ್ರಿ.

ನಮ್ಮ ಮೂಡಲಗಿ ನೆಗೆಣ್ಣಿ ಕೂಸ ನೋಡಾಕ ಬಂದಾಕಿ, "ಎಸಿಲೇ ನೆಗಡಿ ಆಗತೈತಿ" ಅಂತ ಅಂದು, ತಾನು ಸೀನಕೋತ ಕೂಸಿನ ಗಲ್ಲಕ್ಕ ಮುದ್ದ ಕೊಡಾಕ ಬಂದ್ಲು. ಯಕ್ಕಾ, ನೆಗಡಿ ಹಬ್ಬೂದು ಮಂದಿಯಿಂದ. ಮುಚ್ಚಿದ ಖೋಲ್ಯಾಗ ಹತ್ತ ಮಂದಿ ಕುಂತ ಕೆಮ್ಮಿದ್ರ ಎಸಿಗೆ ಯಾಕ ಬೈತೀರಿ? ಪಡಸಾಲ್ಯಾಗ ಕುಂತ ಮಾತಾಡ್ರಿ, ಕೈ ತೊಳಕೊಂಡ ಮುಟ್ರಿ.

ಇನ್ನೊಂದು. ಮೇ ತಿಂಗಳದಾಗ ಒಂದ ರಾತ್ರಿ ಗಾಳಿ ಮಳಿ ಬಂದು ಎಲ್ಲೋ ಗಿಡಾ ಬಿದ್ದು ಕರೆಂಟ್ ಹೋತು. ಎಸಿಗಂತ ಬಾಗಲಾ ಕಿಡಕಿ ಹಾಕಿದ್ವಿ, ಕೂಸಿಗಿ ಎಸಿ ಲೆಕ್ಕದಾಗ ಅರಬಿ ಹಾಕಿದ್ವಿ, ಎಲ್ಲಾರೂ ನಿದ್ದಿ. ಇನ್ವರ್ಟರ್ ಮ್ಯಾಲ ಎಸಿ ನಡಿಯಂಗಿಲ್ಲ, ನಿಮಗ ಗೊತ್ತೈತಿ. ಆಯಿ ಎದ್ದ ಕೂಗಿದ್ದಕ್ಕ ನಮಗ ಎಚ್ಚರ ಆತು, ಕೂಸಿನ ಕುತಿಗಿ ಆಗ್ಲೇ ತೊಯ್ದಿತ್ತು. ನಮ್ಮ ಕಡೆ ಎಸಿ ಹಚ್ಚಿ ಮಲಗೂದಂದ್ರ ಕರೆಂಟ್ ಹ್ವಾದ್ರ ಯಾರ ಏಳಬೇಕು ಅನ್ನೂದನ್ನೂ ಠರಾಯಿಸಿ ಮಲಗೂದು.

ಅವತ್ತಿಂದ ಆ ಕೆಲಸ ಆಯಿದು. ರಾತ್ರಿ ಹೆಂಗೂ ಅವರಿಗಿ ನಿದ್ದಿ ಬರಂಗಿಲ್ಲ. ಕೈ ಕಾಲ ಮುಟ್ಟಿ ನೋಡಿದ್ರ ತಿಳಿಯಂಗಿಲ್ಲ, ಅವು ತಣ್ಣಗs ಇರ್ತಾವ. ಹೊಟ್ಟಿ, ಎದಿ, ಕುತಿಗಿ ಹಿಂದ ಮುಟ್ಟಬೇಕು ಅಂತ ಆಶಾ ಅಕ್ಕಾ ಅವರಿಗಿ ಕಲಿಸಿದ್ಲು. ಅನುಮಾನ ಬಂದ್ರ ಥರ್ಮಾಮೀಟರ್. ಕಂಕಳಾಗ 36.5ರಿಂದ 37.5, ಫ್ಯಾರನ್‌ಹೀಟ್ ಇದ್ರ 97.7ರಿಂದ 99.5 ಬರೋಬ್ಬರಿ. ಅದಕ್ಕಿಂತ ತಣ್ಣಗಿದ್ರ ಎದಿಗೆ ಹಚ್ಚಿಕೊಳ್ರಿ. ಬೆಚ್ಚಗಾಗದಿದ್ರ, ಇಲ್ಲಾ 38 ಅಂದ್ರ 100.4 ಮುಟ್ಟಿದ್ರ, ಹಾಲ ಬಿಟ್ರ, ಎಬ್ಬಿಸಿದ್ರೂ ಏಳದಿದ್ರ, ಬೆಳಗ ಹರೀಲಿ ಅಂತ ಕಾಯಬ್ಯಾಡ್ರಿ.

ಐದನೇ ತಿಂಗಳಿಗೆ ತೊಟ್ಟಲಾ ಕೊಟ್ಟ ಹುಕ್ಕೇರಿಗಿ ಕಳಿಸಿದ್ವಿ. ಈ ಬ್ಯಾಸಗ್ಯಾಗ ಬೀಗತ್ಯಾರು ಫೋನ್ ಮಾಡಿ, "ಬಿಲ್ ಭಾಳ ಬರತೈತೇನ್ರಿ?" ಅಂದ್ರು. ಹುಕ್ಕೇರಿ ತಾಲೂಕಿಗಿ ಕರೆಂಟ್ ಕೊಡೂದು 1969ರಾಗ ಆದ ಅವರದs ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಆದ್ರ ಯಾರ ಕೊಟ್ರೂ ಯುನಿಟ್ ಯುನಿಟ್ಟೇ ಅಲ್ರೀ! ಒಂದ ಡಿಗ್ರಿ ಏರಿಸಿದ್ರ ಸುಮಾರ 6 ಪರ್ಸೆಂಟ್ ಕರೆಂಟ್ ಉಳೀತೈತಿ ಅಂತ ಸರಕಾರದವರs ಹೇಳ್ತಾರ. ಕೂಸಿಗಿ ಹಿತಾ ಆಗೂದು, ಬಿಲ್ಲಿಗಿ ಹಿತಾ ಆಗೂದು ಎರಡೂ ಒಂದs ನಂಬರಿನ್ಯಾಗ ಐತಿ ಅಂತ ಹೇಳಿದೆ.

ಕೂಸ ಈಗ ಗ್ವಾಡಿ ಹಿಡಕೊಂಡ ನಿಂದರತೈತಿ. ಹೋದ ವಾರ ಬಂದಾಗ ಆಯಿ ಹಂತ್ಯಾಕs ಮಲಗಿತ್ತು. ನಡುರಾತ್ರಿ ಎದ್ದ ನೋಡಿದ್ರ, ಆಯಿಗಿ ನಿದ್ದಿ ಹತ್ತಿತ್ತು, ಕೈ ಮಾತ್ರ ಕೂಸಿನ ಹೊಟ್ಟಿ ಮ್ಯಾಲs ಇತ್ತು.