ಹಾರ್ನ್ ಹೊಡೆಯದ ಲಾರಿ

ಮೈಕ್ರೋಕಂಟ್ರೋಲರ್ ಓದಿದವರೆಲ್ಲ ಬಾಯಿಪಾಠ ಮಾಡಿರೋ ಒಂದು ಸಾಲಿದೆ. ಕ್ರಿಸ್ಟಲ್ 11.0592 ಮೆಗಾಹರ್ಟ್ಸ್ ಇದ್ದರೆ ಟಿಎಚ್1ಗೆ ಮೈನಸ್ ಮೂರು ಹಾಕು, ಬಾಡ್ ರೇಟ್ 9600 ಆಗುತ್ತೆ. ಇಂಟರ್ನಲ್ಸ್‌ನಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಮಾರ್ಕ್ಸ್ ಬಂದಿತ್ತು. ಆದರೆ ನಿಜ ಹೇಳ್ತೀನಿ, ನಮ್ಮ ಲ್ಯಾಬ್ ಎಲ್ಲಾ ಸಿಮ್ಯುಲೇಟರ್‌ನಲ್ಲೇ ಮುಗಿದಿತ್ತು. ಸೀರಿಯಲ್ ಕೇಬಲ್ ಅನ್ನೋದನ್ನ ನಾನು ಕೈಯಲ್ಲಿ ಹಿಡಿದಿದ್ದು ಕಳೆದ ದಸರಾ ರಜೆಯಲ್ಲಿ, ಮದ್ದೂರಿನ ಹತ್ತಿರ ಇರೋ ನಮ್ಮ ಚಿಕ್ಕಪ್ಪನ ವೇಬ್ರಿಡ್ಜ್‌ನಲ್ಲಿ.

ವೇಬ್ರಿಡ್ಜ್ ಒಳಗೆ ಹೋಗದವರಿಗೆ ಸ್ವಲ್ಪ ಹೇಳಬೇಕು. ಕಬ್ಬಿನ ಟ್ರಾಕ್ಟರ್, ಜಲ್ಲಿ ಲಾರಿ, ಹುಲ್ಲಿನ ಗಾಡಿ ಬಂದು ಪ್ಲಾಟ್‌ಫಾರಂ ಮೇಲೆ ನಿಲ್ಲುತ್ತೆ. ಕೆಳಗೆ ಲೋಡ್ ಸೆಲ್‌ಗಳಿವೆ. ರೂಮಿನೊಳಗೆ ಇಂಡಿಕೇಟರ್ ಅಂತ ಒಂದು ಡಬ್ಬ, ಅದರಲ್ಲಿ ಕೆಂಪು ಅಂಕಿಗಳಲ್ಲಿ ತೂಕ ಕಾಣುತ್ತೆ. ಆ ಡಬ್ಬದಿಂದ ಒಂದು ವೈರ್ ಕಂಪ್ಯೂಟರಿಗೆ, ಕಂಪ್ಯೂಟರಿಂದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ. ಲೋಡ್ ತೂಕ, ಖಾಲಿ ಗಾಡಿ ತೂಕ, ನಿವ್ವಳ ತೂಕ ಮೂರೂ ಇರೋ ಚೀಟಿ ಬರುತ್ತೆ. ರೈತನಿಗೆ ದುಡ್ಡು ಸಿಗೋದು ಆ ಚೀಟಿ ಮೇಲೆ.

ಚಿಕ್ಕಪ್ಪನ ಕಂಪ್ಯೂಟರ್ ನನಗಿಂತ ಹಿರಿಯದು. ಪೆಂಟಿಯಂ ಮೆಷಿನ್, ಅದರಲ್ಲಿ ಡಾಸ್, ಡಾಸ್ ಮೇಲೆ ಯಾರೋ ಬರೆದುಕೊಟ್ಟ ತೂಕದ ಪ್ರೋಗ್ರಾಂ. ಬರೆದವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಯಾಕೆ ಬದಲಾಯಿಸಿಲ್ಲ ಅಂದ್ರೆ ಚಿಕ್ಕಪ್ಪನ ಉತ್ತರ ಒಂದೇ: "ಓಡ್ತಾ ಐತಲ್ಲ!"

ದಸರಾಕ್ಕೆ ಮೊದಲು ಒಂದು ರಾತ್ರಿ ಜೋರು ಗುಡುಗು ಮಳೆ. ಬೆಳಿಗ್ಗೆ ನೋಡಿದ್ರೆ ಇಂಡಿಕೇಟರ್ ಸರಿಯಾಗಿದೆ, ಕಂಪ್ಯೂಟರ್ ಆನ್ ಆಗುತ್ತೆ, ಆದರೆ ಸ್ಕ್ರೀನ್ ಮೇಲೆ ತೂಕ ಸೊನ್ನೆ. ಚಿಕ್ಕಪ್ಪ ಪೆನ್ನಿನಲ್ಲಿ ಚೀಟಿ ಬರೆಯೋಕೆ ಶುರು ಮಾಡಿದರು. ಎರಡು ದಿನ ನಡೀತು. ಮೂರನೇ ದಿನ ಒಬ್ಬ ಆಲೆಮನೆಯವರು, "ಕೈಬರಹದ್ದು ಬೇಡ ಕಣಣ್ಣ, ನಾಳೆ ರೈತ್ರು ನನ್ನ ಕೇಳ್ತಾರೆ" ಅಂದುಬಿಟ್ಟರಂತೆ. ಪೆನ್ನಿನಲ್ಲಿ ಬರೆದ 3 ಅನ್ನ 8 ಮಾಡೋಕೆ ಎಷ್ಟು ಹೊತ್ತು ಬೇಕು? ಅವರ ಮಾತು ತಪ್ಪಲ್ಲ. ಆದರೆ ಇಷ್ಟು ವರ್ಷ ಒಂದು ಕೆಜಿ ಆಚೀಚೆ ಮಾಡದ ಚಿಕ್ಕಪ್ಪನಿಗೆ ಅದು ಚುಚ್ಚಿತು. ಟ್ರಾಕ್ಟರ್‌ಗಳು ಮುಂದಿನ ವೇಬ್ರಿಡ್ಜ್‌ಗೆ ಹೋಗತೊಡಗಿದವು. ನೋಡೋಕೆ ಬಂದ ಟೆಕ್ನಿಷಿಯನ್, ಇಡೀ ಸೆಟ್ಟೇ ಬದಲಾಯಿಸಬೇಕು ಅಂತ ಹೇಳಿ ಹೋದರು.

ಚಿಕ್ಕಪ್ಪ ಎಲ್ಲರಿಗೂ ಹೇಳಿದ್ದು: "ತಡ್ಕೊಳ್ಳಿ, ನಮ್ಮ ಹುಡುಗ ಇಂಜಿನಿಯರಿಂಗ್ ಓದ್ತಾವ್ನೆ, ರಜಕ್ಕೆ ಬರ್ತಾನೆ." ನನ್ನ ಮೊದಲ ವರ್ಷದ ಫೀಸಿಗೆ ಅರ್ಧ ದುಡ್ಡು ಕೊಟ್ಟವರು ಅವರೇ. ಬಸ್ಸಿನಲ್ಲಿ ಬರ್ತಾ ಇದನ್ನೆಲ್ಲ ಅಮ್ಮನ ಫೋನಿನಲ್ಲಿ ಕೇಳಿ ಹೊಟ್ಟೆಯೊಳಗೆ ಏನೋ ಆಯ್ತು.

ಮೊದಲು ಸತ್ತಿರೋದು ಯಾವುದು ಅಂತ ಕಂಡುಹಿಡಿಯಬೇಕಿತ್ತು. ಸೀರಿಯಲ್ ಪೋರ್ಟನ್ನ ಪರೀಕ್ಷೆ ಮಾಡೋಕೆ ಒಂದು ಸುಲಭದ ದಾರಿ ಇದೆ. ಒಂಬತ್ತು ಪಿನ್ನಿನ ಕನೆಕ್ಟರಿನಲ್ಲಿ 2ನೇ ಪಿನ್ ಕೇಳೋದು, 3ನೇದು ಹೇಳೋದು. ಎರಡಕ್ಕೂ ಒಂದು ತಾಮ್ರದ ಎಳೆ ಸುತ್ತಿದರೆ ಪೋರ್ಟ್ ಹೇಳಿದ್ದು ಅದಕ್ಕೇ ಕೇಳಿಸಬೇಕು. ಡಾಸ್‌ನಲ್ಲಿ ಡೀಬಗ್ ಅನ್ನೋ ಪುಟ್ಟ ಪ್ರೋಗ್ರಾಂ ಇದೆ. ಅದರಿಂದ ನೇರವಾಗಿ ಪೋರ್ಟಿನ ಅಡ್ರೆಸ್‌ಗೆ ಬೈಟ್ ಬರೆಯಬಹುದು, ಓದಬಹುದು. ಕಾಮ್ 1ರ ಅಡ್ರೆಸ್ 3ಎಫ್8, ಕಾಮ್ 2ರದ್ದು 2ಎಫ್8. 41 ಬರೆದೆ. ವಾಪಸ್ 41 ಬರಲಿಲ್ಲ. ಎರಡೂ ಪೋರ್ಟ್‌ನಲ್ಲಿ ಅದೇ ಕಥೆ. ಸಿಡಿಲು ವೈರ್ ಹಿಡಿದು ಬಂದು ಮದರ್‌ಬೋರ್ಡಿನ ಸೀರಿಯಲ್ ಭಾಗವನ್ನಷ್ಟೇ ಸುಟ್ಟಿತ್ತು.

ಯುಎಸ್‌ಬಿ ಅಡಾಪ್ಟರ್ ಹಾಕು ಅಂತ ಹಾಸ್ಟೆಲ್ ಗೆಳೆಯರು ವಾಟ್ಸಾಪ್‌ನಲ್ಲಿ ಹೇಳಿದರು. ಆಗಲ್ಲ. ಆ ಪ್ರೋಗ್ರಾಂಗೆ ಯುಎಸ್‌ಬಿ ಅಂದರೇನು ಅಂತಲೇ ಗೊತ್ತಿಲ್ಲ, ಅದು ನೇರ 3ಎಫ್8ರ ಬಾಗಿಲು ತಟ್ಟುತ್ತೆ. ಪಿಸಿಐ ಕಾರ್ಡ್ ಆದರೆ ಅದರ ಅಡ್ರೆಸ್ ಬಯಾಸ್ ಕೊಟ್ಟಿದ್ದು, ನಾವು ಹೇಳಿದ್ದಲ್ಲ. ಬೇಕಾಗಿದ್ದು ಹಳೇ ಐಎಸ್‌ಎ ಕಾರ್ಡ್, ಜಂಪರ್ ಹಾಕಿ ಅಡ್ರೆಸ್ ನಾವೇ ಹೇಳೋಂಥದ್ದು. ಮಾರನೇ ದಿನ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ತಿರುಗಿದೆ. ಹೆಚ್ಚಿನವರು ನಕ್ಕರು. ಕೊನೆಗೆ ಒಬ್ಬರು ಮೂಲೆಯ ರಟ್ಟಿನ ಡಬ್ಬದಿಂದ ಧೂಳು ಹಿಡಿದ ಎರಡು ಕಾರ್ಡ್ ತೆಗೆದುಕೊಟ್ಟರು. ಎರಡು ಸೀರಿಯಲ್, ಒಂದು ಪ್ಯಾರಲಲ್, ಹಾರ್ಡ್ ಡಿಸ್ಕ್, ಫ್ಲಾಪಿ ಎಲ್ಲಾ ಒಂದೇ ಕಾರ್ಡಿನಲ್ಲಿ. ಮ್ಯಾನ್ಯುಯಲ್ ಇಲ್ಲ. ಎರಡನ್ನೂ ತಗೊಂಡೆ.

ಪವರ್ ತೆಗೆದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ ಕಳೆದು, ಕಾರ್ಡಿನ ಅಂಚನ್ನ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉದ್ದನೆಯ ಕಪ್ಪು ಸ್ಲಾಟಿಗೆ ಒತ್ತಿದೆ. ಆನ್ ಮಾಡಿದರೆ ಹಾರ್ಡ್ ಡಿಸ್ಕೇ ಕಾಣ್ತಿಲ್ಲ! ಹಿಂದೆ ನಿಂತಿದ್ದ ಚಿಕ್ಕಪ್ಪ ಏನೂ ಮಾತಾಡಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. ಇಷ್ಟು ವರ್ಷದ ಲೆಕ್ಕ ಅದರೊಳಗಿತ್ತು. ನನ್ನ ಕೈ ನಡುಗ್ತಾ ಇತ್ತು.

ಆಫ್ ಮಾಡಿ ಯೋಚಿಸಿದೆ. ಮದರ್‌ಬೋರ್ಡಿನಲ್ಲಿ ಹಾರ್ಡ್ ಡಿಸ್ಕ್ ಕಂಟ್ರೋಲರ್ ಆಗಲೇ ಇದೆ, ಕಾರ್ಡಿನಲ್ಲೂ ಇನ್ನೊಂದು ಇದೆ, ಇಬ್ಬರದ್ದೂ ಒಂದೇ ಅಡ್ರೆಸ್. ಒಂದೇ ಮನೆ ನಂಬರಿನಲ್ಲಿ ಇಬ್ಬರಿದ್ದರೆ ಪೋಸ್ಟ್‌ಮ್ಯಾನ್ ಏನು ಮಾಡ್ತಾನೆ? ಕಾರ್ಡಿನ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಜಂಪರ್ ಪಟ್ಟಿ ಮುದ್ರಿಸಿದ್ದರು. ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ ಹಾರ್ಡ್ ಡಿಸ್ಕ್, ಫ್ಲಾಪಿ, ಪ್ಯಾರಲಲ್, ಎರಡನೇ ಸೀರಿಯಲ್ ಎಲ್ಲವನ್ನೂ ಡಿಸೇಬಲ್ ಮಾಡಿದೆ. ಒಂದೇ ಒಂದು ಸೀರಿಯಲ್ ಉಳಿಸಿ 3ಎಫ್8ಕ್ಕೆ ಇಟ್ಟೆ. ಬಯಾಸ್‌ಗೆ ಹೋಗಿ ಮದರ್‌ಬೋರ್ಡಿನ ಸತ್ತ ಪೋರ್ಟ್‌ಗಳನ್ನೂ ಆಫ್ ಮಾಡಿದೆ. ಇಲ್ಲದಿದ್ದರೆ ಸತ್ತವರೂ ಬದುಕಿದವರೂ ಒಂದೇ ಬಾಗಿಲಲ್ಲಿ ನಿಂತಿರ್ತಾರೆ.

ಈ ಸಲ ಡಾಸ್ ಬಂತು. ಡೀಬಗ್‌ನಲ್ಲಿ 40:0 ನೋಡಿದರೆ ಬಯಾಸ್ ಕಂಡುಹಿಡಿದ ಪೋರ್ಟ್‌ಗಳ ಅಡ್ರೆಸ್ ಇರುತ್ತೆ. ಎಫ್8 03 ಅಂತ ಇತ್ತು, ಅಂದರೆ 03ಎಫ್8, ಬೈಟ್‌ಗಳು ತಿರುಗಾಮುರುಗಾ. ಸ್ಪೀಡ್ ಹಾಕಬೇಕು. ಪಿಸಿಯ ಸೀರಿಯಲ್ ಪೋರ್ಟಿನ ಕ್ಲಾಕ್ 1.8432 ಮೆಗಾಹರ್ಟ್ಸ್. 16ರಿಂದ ಭಾಗಿಸಿದರೆ 115200. ಅದನ್ನ 12ರಿಂದ ಭಾಗಿಸಿದರೆ 9600. ಆಗ ಹೊಳೀತು, 1.8432 ಇಂಟು 6 ಅಂದರೆ 11.0592! ನಾವು ಪರೀಕ್ಷೆಗೆ ಉರು ಹೊಡೆದ ಆ ವಿಚಿತ್ರ ಕ್ರಿಸ್ಟಲ್ ನಂಬರ್ ಸುಮ್ಮನೆ ಬಂದಿದ್ದಲ್ಲ. ಎರಡೂ ಒಂದೇ ವಂಶ, ಭಾಗಿಸಿದರೆ ಈ ಸ್ಪೀಡ್‌ಗಳು ಶೇಷ ಇಲ್ಲದೆ ಬರಲಿ ಅಂತ ಆರಿಸಿದ್ದು. ಇದನ್ನ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ತಾಮ್ರದ ಎಳೆ ಸುತ್ತಿ 41 ಕಳಿಸಿದೆ. 41 ವಾಪಸ್ ಬಂತು. ಕೂಗಿಕೊಂಡೆ. ಎಳೆ ತೆಗೆದು ಇಂಡಿಕೇಟರ್ ಕೇಬಲ್ ಹಾಕಿ, ಪ್ರೋಗ್ರಾಂ ತೆರೆದೆ.

ತೂಕ ಸೊನ್ನೆ.

ಎರಡು ಗಂಟೆ ಅದೇ ಸೊನ್ನೆ ನೋಡ್ತಾ ಕೂತೆ. ಕೇಬಲ್ ಬಿಚ್ಚಿ ಹಾಕಿದೆ. ಡೀಬಗ್‌ನಲ್ಲಿ ನೋಡಿದರೆ ಇಂಡಿಕೇಟರ್ ಕಳಿಸೋ ಅಂಕಿಗಳು ಬರ್ತಿವೆ, ಪ್ರೋಗ್ರಾಂನಲ್ಲಿ ಮಾತ್ರ ಇಲ್ಲ. ಕತ್ತಲಾಯ್ತು. ಚಿಕ್ಕಮ್ಮ ಮುದ್ದೆ ತಣ್ಣಗಾಗುತ್ತೆ ಅಂತ ಎರಡು ಸಲ ಕರೆದರು. ಟೆಕ್ನಿಷಿಯನ್ ಹೇಳಿದ ಹಾಗೆ ಹೊಸದು ತಗೊಳ್ಳಿ ಅಂತ ಹೇಳೋಕೆ ಮನಸ್ಸಿನಲ್ಲೇ ವಾಕ್ಯ ಜೋಡಿಸ್ತಿದ್ದೆ.

"ಏನ್ ಮಗಾ ತೊಂದ್ರೆ, ನಂಗೂ ಒಸಿ ಹೇಳು" ಅಂದರು ಚಿಕ್ಕಪ್ಪ.

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡ್ತೀನಿ, ಆದರೆ ಓದಿದ್ದನ್ನ ಕನ್ನಡದಲ್ಲಿ ಯಾರಿಗೂ ಹೇಳಿದವನಲ್ಲ. ತಡವರಿಸುತ್ತಾ ಹೇಳಿದೆ: "ಚಿಕ್ಕಪ್ಪ, ಅಂಕಿ ಕಂಪ್ಯೂಟರ್ ಬಾಗಿಲ ತನಕ ಬಂದಿದೆ. ನಾನಾಗಿ ಹೋಗಿ ನೋಡಿದರೆ ಸಿಗುತ್ತೆ. ಆದರೆ ಬಂದಿದೆ ಅಂತ ಪ್ರೋಗ್ರಾಂಗೆ ಗೊತ್ತಾಗ್ತಿಲ್ಲ."

ಅವರು ಕಿಟಕಿಯಾಚೆ ಪ್ಲಾಟ್‌ಫಾರಂ ನೋಡಿ ಅಂದರು: "ಅಂದ್ರೆ ಲಾರಿ ಬಂದು ನಿಂತದೆ, ಹಾರ್ನ್ ಹೊಡೀತಿಲ್ಲ ಅಂತೀಯಾ? ರಾತ್ರಿ ಹೊತ್ತು ನಾನು ಒಳಗೆ ಮಲಗಿದ್ರೆ ಹಾಗೇ ಆಗೋದು."

ಅಷ್ಟೇ. ಹಾರ್ನ್! ಇಂಟರಪ್ಟ್! ನಾನು ಅಡ್ರೆಸ್ ಜಂಪರ್ ಮಾತ್ರ ಸರಿ ಮಾಡಿದ್ದೆ. ಕಾಮ್ 1 ಅಂದರೆ 3ಎಫ್8 ಜೊತೆ ಐಆರ್‌ಕ್ಯೂ 4, ಕಾಮ್ 2 ಅಂದರೆ 2ಎಫ್8 ಜೊತೆ ಐಆರ್‌ಕ್ಯೂ 3. ಡೀಬಗ್‌ನಲ್ಲಿ ನಾನೇ ಹೋಗಿ ಓದ್ತಿದ್ದೆ, ಅದಕ್ಕೆ ಇಂಟರಪ್ಟ್ ಬೇಕಿಲ್ಲ. ಪ್ರೋಗ್ರಾಂ ಹಾರ್ನಿಗೆ ಕಾಯ್ತಾ ಮಲಗಿತ್ತು. ಕ್ಯಾಬಿನೆಟ್ ಮತ್ತೆ ಬಿಚ್ಚಿ ಟಾರ್ಚ್ ಬಿಟ್ಟೆ. ಐಆರ್‌ಕ್ಯೂ ಜಂಪರ್ 3ರಲ್ಲಿ ಇತ್ತು. ಹಾರ್ನ್ ಹೊಡೀತಾನೇ ಇತ್ತು, ಪಕ್ಕದ ಮನೆಯವರಿಗೆ. ಅಕ್ಕಿಕಾಳಿನಷ್ಟು ದೊಡ್ಡ ಕಪ್ಪು ಟೋಪಿಯನ್ನ ಕಿತ್ತು 4ಕ್ಕೆ ಹಾಕಿದೆ.

ಸ್ಕ್ರೀನ್ ಮೇಲೆ ಸೊನ್ನೆಯೇ ಇತ್ತು, ಆದರೆ ಪ್ಲಾಟ್‌ಫಾರಂ ಖಾಲಿ ಇತ್ತಲ್ಲ. ಚಿಕ್ಕಪ್ಪ ಹೊರಗೆ ಹೋಗಿ ತಮ್ಮ ಟ್ರಾಕ್ಟರ್ ಹತ್ತಿಸಿದರು. ಕೆಂಪು ಅಂಕಿ ಏರಿತು, ಸ್ಕ್ರೀನಿನ ಅಂಕಿಯೂ ಜೊತೆಗೇ ಏರಿತು. ಪ್ರಿಂಟರ್ ಕಿರ್ರ್ ಅಂತ ಚೀಟಿ ಬಿಟ್ಟಿತು. ಚಿಕ್ಕಪ್ಪ ಚೀಟಿಯನ್ನೂ ಇಂಡಿಕೇಟರನ್ನೂ ಎರಡು ಸಲ ಹೋಲಿಸಿ ನೋಡಿದರು. ನನ್ನನ್ನ ಹೊಗಳಲಿಲ್ಲ. ಫೋನ್ ತೆಗೆದು ಆಲೆಮನೆಯವರಿಗೆ ಅಂದರು: "ಪ್ರಿಂಟ್ ಬತ್ತಾ ಐತೆ, ಬೆಳಿಗ್ಗೆ ಗಾಡಿ ಕಳ್ಸು." ಆಯುಧಪೂಜೆಯ ದಿನ ಆ ಪೆಂಟಿಯಂ ಡಬ್ಬಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು ಸಿಕ್ಕಿತು.

ಇದು ಶಾಶ್ವತ ಅಲ್ಲ ಅಂತ ನನಗೂ ಗೊತ್ತು. ಮುಂದಿನ ಸಿಡಿಲಿಗೆ ಈ ಕಾರ್ಡೂ ಹೋಗಬಹುದು. ವೈರಿನ ಮಧ್ಯೆ ಒಂದು ಆಪ್ಟೋ ಐಸೊಲೇಟರ್ ಹಾಕಬೇಕು, ಅದು ಮುಂದಿನ ರಜೆಯ ಕೆಲಸ. ಸದ್ಯಕ್ಕೆ ಎರಡನೇ ಕಾರ್ಡಿಗೂ ಅದೇ ರೀತಿ ಜಂಪರ್ ಹಾಕಿ, ಸ್ಟ್ಯಾಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೀನಿ. ಕ್ಯಾಬಿನೆಟ್ ಒಳಗೆ ಒಂದು ಹಾಳೆ ಅಂಟಿಸಿದ್ದೀನಿ: ಯಾವ ಜಂಪರ್ ಎಲ್ಲಿ, ಯಾವುದು ಮನೆ ನಂಬರ್, ಯಾವುದು ಹಾರ್ನ್. ನಾನಿಲ್ಲದಾಗ ಚಿಕ್ಕಪ್ಪ ಓದಬೇಕಲ್ಲ, ಅದಕ್ಕೇ ಕನ್ನಡದಲ್ಲಿ ಬರೆದೆ. ಒಂದು ಪುಟಕ್ಕೆ ಒಂದು ಸಂಜೆ ಹಿಡೀತು, ಮೂರು ಕಾಗುಣಿತ ತಪ್ಪನ್ನ ಚಿಕ್ಕಮ್ಮ ತಿದ್ದಿದರು.

ಮುಂದಿನ ವೈವಾದಲ್ಲಿ ಯಾರಾದರೂ ಪೋಲಿಂಗ್‌ಗೂ ಇಂಟರಪ್ಟ್‌ಗೂ ಏನು ವ್ಯತ್ಯಾಸ ಅಂತ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಹೇಳ್ತೀನಿ. ಆದರೆ ಮನಸ್ಸಿಗೆ ಮೊದಲು ಬರೋದು ಕಿಟಕಿಯಾಚೆ ಸುಮ್ಮನೆ ನಿಂತ ಆ ಲಾರಿಯೇ.